ಕೆಂಗೇರಿಯಲ್ಲಿದ್ದ ಧ್ಯಾನಿ

ಮಾನ್ಯರೇ,

ಕ್ರೈಸ್ತ ಧ್ಯಾನವೆಂದರೆ ಪಶ್ಚಿಮದಿಂದ ಬಂದ ಹೊಸ ಸರಕು ಎನ್ನುವವರು ಅದನ್ನು ಕಟ್ಟಿದವರ ಬದುಕನ್ನೊಮ್ಮೆ ನೋಡಬೇಕು. ಕ್ರೈಸ್ತ ಧ್ಯಾನದ ವಿಶ್ವ ಸಮುದಾಯಕ್ಕೆ ಪ್ರೇರಣೆಯಾದ ಬೆನೆಡಿಕ್ಟೈನ್ (ಸಂತ ಬೆನೆಡಿಕ್ಟರ ಪಂಥದ ಕ್ಯಾಥೊಲಿಕ್) ಸನ್ಯಾಸಿ ಜಾನ್ ಮೇನ್ (1926–1982), ಮಲಯಾದಲ್ಲಿ (ಇಂದಿನ ಮಲೇಷ್ಯಾದ ಭಾಗ) ಬ್ರಿಟಿಷ್ ಸರ್ಕಾರದ ನೌಕರಿಯಲ್ಲಿದ್ದಾಗ ಸ್ವಾಮಿ ಸತ್ಯಾನಂದರಿಂದ ಮಂತ್ರಧ್ಯಾನ ಕಲಿತು, ಮುಂದೆ ಅದೇ ಕ್ರಮವನ್ನು ಆದಿ ಕ್ರೈಸ್ತ ಸನ್ಯಾಸಿಗಳ ಬರಹಗಳಲ್ಲೂ ಗುರುತಿಸಿದರು. ಬೆಳಿಗ್ಗೆ, ಸಂಜೆ 20ರಿಂದ 30 ನಿಮಿಷ ಬೆನ್ನು ನೆಟ್ಟಗಿಟ್ಟು ಕುಳಿತು ‘ಮ-ರ-ನ-ಥ’ (ಅರಮಾಯಿಕ್ ಭಾಷೆಯಲ್ಲಿ ‘ಪ್ರಭುವೇ, ಬಾ’) ಎಂದು ಮನದೊಳಗೇ ಹೇಳಿಕೊಳ್ಳುವುದಷ್ಟೇ ಸಾಧನೆ. 1991ರಲ್ಲಿ ಈ ವಿಶ್ವ ಸಮುದಾಯವು ರೂಪುಗೊಂಡ ಶಿಬಿರವನ್ನು ನಡೆಸಿಕೊಟ್ಟ ಇಂಗ್ಲೆಂಡ್ ಮೂಲದ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್, 1950ರ ದಶಕದಲ್ಲಿ ನಮ್ಮ ಕೆಂಗೇರಿಯಲ್ಲೇ ನೆಲೆಸಿದ್ದವರು (ಇಲ್ಲೇ ಬೆಳೆದ ನನಗೂ ಇದು ತಿಳಿದದ್ದು ಮೊನ್ನೆ ಮೊನ್ನೆ). ನಗರದ ಚರಿತ್ರೆ ಬರೆಯುವವರು ಆ ವರ್ಷಗಳನ್ನೂ ದಾಖಲಿಸಲೆಂದು ಕೋರುತ್ತೇನೆ.

– ಓದುಗ, ಕೆಂಗೇರಿ, ಬೆಂಗಳೂರು