ಎಂಜಿನ್ನಿಗೆ ಸಹಿ ಹಾಕಿದವರು ಯಾರು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಚೀನಾದ ಯುದ್ಧವಿಮಾನದ ಸಿನಿಮಾಗಳ ಬಗ್ಗೆ ಒಂದು ಬರಹ ಬಂದಿತ್ತು. ಬರೀ ಸರ್ಕಾರಿ ಪ್ರಚಾರ, ನೋಡುವಂಥದ್ದು ಏನೂ ಇಲ್ಲ ಎಂದು ನಾಲ್ಕು ಸಾಲಿನಲ್ಲಿ ಮುಗಿಸಿದ್ದರು. ಪ್ರಚಾರ ಅನ್ನೋದು ನಿಜ. ಆದರೆ ನೋಡುವುದಕ್ಕೆ ಬೇಕಾದಷ್ಟಿದೆ. ಎಲ್ಲಿ ಚೆನ್ನಾಗಿದೆ, ಎಲ್ಲಿ ಬಾಯಿ ಕಟ್ಟಿದೆ ಅಂತ ಬಿಡಿಸಿ ಹೇಳಿದರೆ ಓದುಗರಿಗೆ ಉಪಯೋಗ ಆಗುತ್ತಿತ್ತು. ಅದಕ್ಕೇ ಈ ಪತ್ರ.

ನಾನು ಗುಬ್ಬಿ ತಾಲ್ಲೂಕಿನವನು. ವಾಯುಪಡೆಯಲ್ಲಿ 20 ವರ್ಷ ಎಂಜಿನ್ ಫಿಟ್ಟರ್ ಆಗಿದ್ದೆ. ಅದರಲ್ಲಿ ಜಾಸ್ತಿ ವರ್ಷ ಮಿಗ್-21 ಜೊತೆಯಲ್ಲೇ ಕಳೆಯಿತು. ಈಗ ತೆಂಗು, ಅಡಿಕೆ ನೋಡಿಕೊಂಡು ಊರಲ್ಲಿದ್ದೇನೆ. ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ನಮ್ಮ ತಾಲ್ಲೂಕಿನಲ್ಲೇ ಇದೆ. 2023ರ ಫೆಬ್ರವರಿ 6ರಂದು ಅದರ ಉದ್ಘಾಟನೆ ಆದಾಗ ನಾನೂ ಜನರ ಮಧ್ಯೆ ನಿಂತು ನೋಡಿದ್ದೆ. ಅದೇ ವರ್ಷ ಏಪ್ರಿಲ್ 28ರಂದು ಚೀನಾದಲ್ಲಿ 'ಬಾರ್ನ್ ಟು ಫ್ಲೈ' ಬಿಡುಗಡೆಯಾಯಿತು. ಹೊಸ ಯುದ್ಧವಿಮಾನವನ್ನು ಪರೀಕ್ಷೆ ಮಾಡುವ ಪೈಲಟ್‌ಗಳ ಕತೆ ಅದು. ಪಿಯುಸಿ ಓದುತ್ತಿರುವ ಮೊಮ್ಮಗ ಮೊನ್ನೆ ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಹಾಕಿದ. ಇಬ್ಬರೂ ಜಗಲಿಯಲ್ಲಿ ಕೂತು ಪೂರ್ತಿ ನೋಡಿದೆವು.

ಮೊದಲು ಗುಣಮಟ್ಟದ ಮಾತು. 2011ರ ಜನವರಿ 11ರಂದು ಚೀನಾದ ಜೆ-20 ವಿಮಾನ ಮೊದಲ ಸಲ ಆಕಾಶಕ್ಕೆ ಏರಿತು. ಅದಾಗಿ ಹನ್ನೆರಡೇ ದಿನಕ್ಕೆ ಅಲ್ಲಿನ ಸರ್ಕಾರಿ ಟಿವಿ ವಾಯುಪಡೆಯ ಅಭ್ಯಾಸದ ಸುದ್ದಿ ತೋರಿಸಿತು. ಅದರಲ್ಲಿ ಒಂದು ವಿಮಾನ ಸ್ಫೋಟವಾಗುತ್ತದೆ. ಆ ತುಣುಕು 1986ರ ಅಮೆರಿಕದ 'ಟಾಪ್ ಗನ್' ಸಿನಿಮಾದ್ದೇ ಎಂದು ಅಲ್ಲಿನ ಜನರೇ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಸಿಡಿದ ವಿಮಾನದ ಆಕಾರ ನೋಡಿದರೆ ಅಮೆರಿಕದ ಎಫ್-5. ವಿಮಾನ ಸ್ವಂತದ್ದು ಇತ್ತು, ಚಿತ್ರ ಮಾತ್ರ ಸಾಲ ತಂದಹಾಗಿತ್ತು.

2017ರ ಸೆಪ್ಟೆಂಬರ್ ಕೊನೆಯಲ್ಲಿ 'ಸ್ಕೈ ಹಂಟರ್' ಬಂತು. ನಾಯಕ ನಟ ಲಿ ಚೆನ್ ಅವರೇ ನಿರ್ದೇಶಕ. ವಾಯುಪಡೆ ನಿಜವಾದ ವಿಮಾನಗಳನ್ನೇ ಕೊಟ್ಟಿತ್ತು. ಜೆ-20 ಇದೆ, ದೊಡ್ಡ ಸಾಗಣೆ ವಿಮಾನ ವೈ-20 ಕೂಡ ಇದೆ. ನೋಡುವುದಕ್ಕೆ ಖುಷಿ, ಆದರೆ ಕತೆಯಲ್ಲಿ ಜೀವ ಇಲ್ಲ. ಒತ್ತೆಯಾಳುಗಳನ್ನು ಬಿಡಿಸುವ ಕತೆ, ಅದೂ ಭೂಪಟದಲ್ಲಿ ಇಲ್ಲದ ದೇಶದಲ್ಲಿ ನಡೆಯುತ್ತದೆ.

'ಬಾರ್ನ್ ಟು ಫ್ಲೈ' ಇದಕ್ಕಿಂತ ಎಷ್ಟೋ ಮೇಲು. ಇದು 2022ರ ಸೆಪ್ಟೆಂಬರ್‌ನಲ್ಲೇ ಬರಬೇಕಿತ್ತು. ಬಿಡುಗಡೆಗೆ ಕೆಲವೇ ದಿನ ಇರುವಾಗ ನಿಲ್ಲಿಸಿ, ಇನ್ನಷ್ಟು ಚೆನ್ನಾಗಿ ಮಾಡಿ ತರುತ್ತೇವೆ ಎಂದರು. ಏಳು ತಿಂಗಳು ಆದ ಮೇಲೆ ಬಂತು. ಕೆಲವು ಹಾರಾಟದ ದೃಶ್ಯ ಕಂಪ್ಯೂಟರಿನದ್ದು ಅಂತ ನನ್ನ ಕಣ್ಣಿಗೆ ಗೊತ್ತಾಗುತ್ತದೆ. ಆದರೆ ವಿಮಾನ ಜೋರಾಗಿ ತಿರುಗುವಾಗ ಮೈಯನ್ನು ಅದುಮುವ ಜಿ-ಬಲಕ್ಕೆ ಸಿಕ್ಕ ಪೈಲಟ್‌ನ ಮುಖ, ಉಸಿರಿನ ಸದ್ದು, ಇಳಿದು ಬಂದವನ ಕಾಲಿನ ನಡುಕ ಇವೆಲ್ಲ ಸರಿಯಾಗಿವೆ. ಹೋ ಅಂತ ಮೀಸೆ ತಿರುಗಿಸುವ ನಾಯಕ ಅಲ್ಲ ಇವನು. ಹೆದರುತ್ತಾನೆ, ತಪ್ಪು ಮಾಡುತ್ತಾನೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ವಿಷಯ. ಇಡೀ ಸಿನಿಮಾ ಎಂಜಿನ್ ಮೇಲೆ ನಿಂತಿದೆ. ವಿಮಾನದ ಸಿನಿಮಾ ಮಾಡುವವರು ಕ್ಷಿಪಣಿ ತೋರಿಸುತ್ತಾರೆ, ಪಲ್ಟಿ ಹೊಡೆಸುತ್ತಾರೆ, ಎಂಜಿನ್ ಕಡೆ ತಿರುಗಿಯೂ ನೋಡುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಟರ್ಬೈನ್ ಬ್ಲೇಡ್ ಅಂದರೆ ಬೆರಳುದ್ದ, ಅಂಗೈಯುದ್ದದ ಲೋಹದ ತುಂಡು. ಅದನ್ನು ಮಾಡಿದ ಲೋಹವೇ ಕರಗಿಹೋಗುವಷ್ಟು ಬಿಸಿಯಾದ ಗಾಳಿಯಲ್ಲಿ ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಅದಕ್ಕೇ ಬ್ಲೇಡಿನೊಳಗೆ ಸಣ್ಣ ಸಣ್ಣ ತೂತು ಕೊರೆದು ತಂಪು ಗಾಳಿ ಹಾಯಿಸುತ್ತಾರೆ. ಇದನ್ನು ಸರಿಯಾಗಿ ಮಾಡಬಲ್ಲ ದೇಶಗಳು ಕೈಬೆರಳಲ್ಲಿ ಎಣಿಸುವಷ್ಟೇ. ಜೆ-20ಗೆ ಮೊದಮೊದಲು ಚೀನಾ ರಷ್ಯಾದ ಎಂಜಿನ್ ಹಾಕಿತ್ತು. ನಮ್ಮದೂ ಅದೇ ಪಾಡು. ಬೆಂಗಳೂರಿನಲ್ಲೇ ಕಾವೇರಿ ಎಂಜಿನ್ ಕೆಲಸ ಶುರುವಾಗಿ ಮೂವತ್ತು ವರ್ಷ ದಾಟಿತು, ನಮ್ಮ ತೇಜಸ್ ಯುದ್ಧವಿಮಾನ ಇವತ್ತಿಗೂ ಅಮೆರಿಕದ ಎಂಜಿನ್‌ನಲ್ಲೇ ಹಾರುತ್ತಿದೆ. ಹಾಗಿರುವಾಗ ಚೀನಾದವರು ತಮ್ಮ ಎಂಜಿನ್ ಹಾರಾಟದಲ್ಲಿ ಕೈಕೊಡುವುದನ್ನು ತೆರೆಯ ಮೇಲೆ ತೋರಿಸಿದ್ದಾರೆ. ಪರೀಕ್ಷಾ ತಂಡದ ಹಿರಿಯ ಪೈಲಟ್ ಸಾಯುವುದನ್ನೂ ತೋರಿಸಿದ್ದಾರೆ. ಅಷ್ಟು ಧೈರ್ಯ ನಾನು ನಿರೀಕ್ಷಿಸಿರಲಿಲ್ಲ.

ಸಿನಿಮಾ ಮುಗಿದ ಮೇಲೆ ಮೊಮ್ಮಗ ಒಂದು ಪ್ರಶ್ನೆ ಕೇಳಿದ. "ತಾತ, ಆ ಎಂಜಿನ್‌ನ ಹಾರಿಸಬಹುದು ಅಂತ ಸಹಿ ಹಾಕಿದ್ದು ಯಾರು? ಅವರನ್ನ ಯಾರೂ ಏನೂ ಕೇಳಲೇ ಇಲ್ಲ ಅಲ್ವಾ?"

ಇಲ್ಲ, ಕೇಳುವುದಿಲ್ಲ. ಆ ಸಿನಿಮಾಗಳ ಮಿತಿ ಶುರುವಾಗುವುದೇ ಅಲ್ಲಿ.

ಈ ಪ್ರಶ್ನೆ ನನಗೆ ಯಾಕೆ ತಟ್ಟಿತು ಅಂತ ಹೇಳಿಬಿಡುತ್ತೇನೆ. ಪ್ರತಿ ವಿಮಾನಕ್ಕೂ ಒಂದು ಪುಸ್ತಕ ಇರುತ್ತದೆ. ನಾವು ಎಫ್-700 ಅನ್ನುತ್ತೇವೆ. ಎಂಜಿನ್ನಿನ ಹಿಂದಿನ ಕೊಳವೆ, ಅಂದರೆ ಜೆಟ್ ಪೈಪಿನೊಳಗೆ ಟಾರ್ಚ್ ಬಿಟ್ಟು ಬ್ಲೇಡ್ ನೋಡಿ, ಎಣ್ಣೆ ನೋಡಿ, ಪಿನ್‌ಗಳನ್ನು ಎಣಿಸಿ, ಆಮೇಲೆ ಅದರಲ್ಲಿ ಸಹಿ ಹಾಕಬೇಕು. ಒಂದು ಚಳಿಗಾಲದ ಬೆಳಿಗ್ಗೆ ನಾನು ಸಹಿ ಹಾಕಿದ ವಿಮಾನ ವಾಪಸ್ ಬರಲಿಲ್ಲ. ಹುಡುಗ ಪೈಲಟ್ ಸೀಟು ಹಾರಿಸಿಕೊಂಡು ಹೊರಬಂದ. ಜೀವ ಉಳಿಯಿತು, ಬೆನ್ನುಮೂಳೆಗೆ ಪೆಟ್ಟಾಗಿ ಮತ್ತೆ ಯುದ್ಧವಿಮಾನ ಹತ್ತಲಿಲ್ಲ. ಹೊರಡುವ ಮುಂಚೆ ನಮ್ಮ ಜೊತೆ ಟೀ ಕುಡಿದು ಹೋಗಿದ್ದ. ವಿಮಾನ ನಿಲ್ಲುವ ಜಾಗದಲ್ಲಿ ಚಕ್ರಕ್ಕೆ ಕೊಡುವ ಅಡ್ಡಗಟ್ಟೆಗಳು ಮಾತ್ರ ಬಿದ್ದಿದ್ದವು. ಸಂಜೆವರೆಗೂ ನಾನು ಅದನ್ನೇ ನೋಡುತ್ತಾ ನಿಂತಿದ್ದೆ.

ಅವತ್ತೇ ಪುಸ್ತಕ ಸೀಲ್ ಆಯಿತು. ಮೂರು ದಿನ ನನ್ನನ್ನು ಕೂರಿಸಿಕೊಂಡು ಕೇಳಿದರು. ಯಾವ ಸ್ಪ್ಯಾನರ್ ಹಿಡಿದಿದ್ದೆ, ಎಷ್ಟು ಗಂಟೆಗೆ ಮುಟ್ಟಿದೆ, ರಾತ್ರಿ ಎಷ್ಟು ಹೊತ್ತು ಮಲಗಿದ್ದೆ. ಕೇಳಲೇಬೇಕು, ಅದರಲ್ಲಿ ತಪ್ಪಿಲ್ಲ. ನಾನೂ ಒಂದು ಪ್ರಶ್ನೆ ಕೇಳಿದೆ. ನಾವು ಬೇಕು ಅಂತ ಬರೆದು ಕಳಿಸಿದ್ದ ಬಿಡಿಭಾಗ ಬರುವುದಕ್ಕೆ ಅಷ್ಟು ತಿಂಗಳು ಯಾಕಾಯಿತು ಸಾರ್ ಅಂತ. ಅದು ನಿನ್ನ ಕೆಲಸ ಅಲ್ಲ ಎಂದರು. ಕಾರಣ ಏನು ಅಂತ ತೀರ್ಮಾನವಾಯಿತೋ ನನಗೆ ಇವತ್ತಿಗೂ ತಿಳಿಸಿಲ್ಲ.

ಹಾಗಾಗಿ ಚೀನಾದ ಸಿನಿಮಾದಲ್ಲಿ ಎಂಜಿನ್ ಕೆಟ್ಟಾಗ ನನ್ನ ಕಣ್ಣು ಪೈಲಟ್‌ನನ್ನು ಬಿಟ್ಟು ಬೇರೆ ಕಡೆ ಹುಡುಕುತ್ತದೆ. ಅವಸರ ಮಾಡಿದವರು ಯಾರು? ದಿನ ಗೊತ್ತುಮಾಡಿದವರು ಯಾರು? ಅಲ್ಲಿ ಯಂತ್ರ ತಪ್ಪಬಹುದು, ಕಿರಿಯ ಪೈಲಟ್ ತಪ್ಪಬಹುದು. ಮೇಲಿನ ಕುರ್ಚಿ ಮಾತ್ರ ತಪ್ಪುವಂತಿಲ್ಲ. ಕಾಸಿಗೆ ಕೊರತೆಯಿಲ್ಲ, ಕಲಾವಿದರಿಗೂ ಕೊರತೆಯಿಲ್ಲ. ಅನುಮತಿ ಇಲ್ಲ, ಅಷ್ಟೇ. ಚೀನಾದ ಸಿನಿಮಾ ಶುರುವಾಗುವ ಮುಂಚೆ ಹಸಿರು ಹಿನ್ನೆಲೆಯಲ್ಲಿ ಚಿನ್ನದ ಬಣ್ಣದ ಡ್ರ್ಯಾಗನ್ ಬರುತ್ತದೆ. ಅದು ಸರ್ಕಾರದ ಒಪ್ಪಿಗೆಯ ಮುದ್ರೆ. 2018ರಿಂದ ಆ ಒಪ್ಪಿಗೆ ಕೊಡುವ ಇಲಾಖೆ ನೇರವಾಗಿ ಕಮ್ಯುನಿಸ್ಟ್ ಪಕ್ಷದ ಪ್ರಚಾರ ವಿಭಾಗದ ಕೆಳಗಿದೆ. ಸೇನೆಯ ಕತೆ ಆದರೆ ಸೇನೆಯೂ ಒಪ್ಪಬೇಕು. ವಿಮಾನ ಕೊಡುವವರೂ ಅವರೇ, ಕತೆ ತಿದ್ದುವವರೂ ಅವರೇ.

ಇನ್ನೊಂದು ಕೊರತೆ ಶತ್ರುವಿನದ್ದು. 'ಬಾರ್ನ್ ಟು ಫ್ಲೈ'ಯಲ್ಲಿ ನುಗ್ಗಿ ಬರುವ ಪೈಲಟ್‌ಗಳು ಇಂಗ್ಲಿಷ್ ಮಾತಾಡುತ್ತಾರೆ. ಯಾವ ದೇಶ ಅಂತ ಸಿನಿಮಾ ಬಾಯಿ ಬಿಡುವುದಿಲ್ಲ. ಮುಖವಾಡದೊಳಗಿನ ಒಂದು ದನಿ ಬಿಟ್ಟರೆ ಅವರಿಗೆ ಮನೆಯಿಲ್ಲ, ಮನಸ್ಸಿಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿಯುತ್ತಾರೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಜಾಸ್ತಿ. ಅವನಿಗೆ ಹಾಡಿದೆ, ಛಲವಿದೆ, ದುಃಖವಿದೆ. ತೊಡೆ ಮುರಿದು ಬಿದ್ದಾಗ ಮುಂದೆ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಅಷ್ಟಾದರೂ ಪಾಂಡವರ ಗೆಲುವು ಚಿಕ್ಕದಾಗುವುದಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ನಮ್ಮ ತಾತ ಆ ಆನೆಯ ಮಾತು ಹೇಳುತ್ತಿದ್ದರು. ಆದರೆ ಗದ್ದೆಯಲ್ಲಿ ಕೆಲಸ ಮಾಡುವಾಗ ಅವರ ಬಾಯಲ್ಲಿ ಬರುತ್ತಿದ್ದುದು ದುರ್ಯೋಧನನ ಹಾಡು. ಜೆ-20 ಆ ಆನೆ ಇದ್ದಹಾಗೆ.

ಅಮೆರಿಕದವರು ಪೂರ್ತಿ ಸ್ವತಂತ್ರರು ಅಂತ ನಾನು ಹೇಳುವುದಿಲ್ಲ. 2022ರ 'ಟಾಪ್ ಗನ್: ಮಾವೆರಿಕ್'ನಲ್ಲೂ ಶತ್ರು ದೇಶಕ್ಕೆ ಹೆಸರಿಲ್ಲ. ಅಲ್ಲಿಯ ನೌಕಾಪಡೆ ವಿಮಾನ ಕೊಟ್ಟಿತು, ಗಂಟೆಗೆ 11,374 ಡಾಲರ್‌ವರೆಗೆ ತೆಗೆದುಕೊಂಡಿತು. ಕೊಡುವ ಮುಂಚೆ ಕತೆಯನ್ನೂ ಓದಿತು. 2019ರ ಟ್ರೇಲರ್‌ನಲ್ಲಿ ನಾಯಕನ ಜಾಕೆಟ್ ಮೇಲಿದ್ದ ತೈವಾನ್ ಬಾವುಟ ಮಾಯವಾಗಿತ್ತು. ತೈವಾನ್ ತನ್ನದೇ ಅನ್ನುವ ಚೀನಾಕ್ಕೆ ಆ ಬಾವುಟ ಕಂಡರೆ ಆಗುವುದಿಲ್ಲ. ದುಡ್ಡು ಹಾಕಬೇಕಿದ್ದ ಚೀನಾದ ಟೆನ್ಸೆಂಟ್ ಕಂಪನಿ ಹಿಂದೆ ಸರಿದ ವರದಿ ಬಂತು. ಸಿನಿಮಾ ಬಂದಾಗ ಬಾವುಟ ಮತ್ತೆ ಜಾಕೆಟ್ ಮೇಲಿತ್ತು. ಆ ಸಿನಿಮಾ ಚೀನಾದಲ್ಲಿ ಬಿಡುಗಡೆ ಆಗಲಿಲ್ಲ. ಒಂದು ಬಟ್ಟೆ ತುಂಡಿನ ಮೇಲೆ ಇಷ್ಟೆಲ್ಲ ನಡೆಯುತ್ತದೆ.

ಈಗ ನಮ್ಮ ಮಾತು. 2006ರ ಜನವರಿಯಲ್ಲಿ 'ರಂಗ್ ದೇ ಬಸಂತಿ' ಬಂತು. ಮಿಗ್-21 ಬಿದ್ದು ಪೈಲಟ್ ಸಾಯುತ್ತಾನೆ. ತಪ್ಪನ್ನು ಸತ್ತವನ ಮೇಲೆ ಹಾಕುತ್ತಾರೆ. ಕಳಪೆ ಬಿಡಿಭಾಗ ಕೊಂಡ ರಕ್ಷಣಾ ಸಚಿವನ ಕಡೆಗೆ ಸಿನಿಮಾ ನೇರವಾಗಿ ಬೆರಳು ತೋರಿಸುತ್ತದೆ. ಬಿಡುಗಡೆಗೆ ಮುಂಚೆ ಅವತ್ತಿನ ರಕ್ಷಣಾ ಸಚಿವ ಪ್ರಣಬ್ ಮುಖರ್ಜಿ ಅವರೂ ಸೇನಾ ಮುಖ್ಯಸ್ಥರೂ ಕೂತು ಅದನ್ನು ನೋಡಿದರು. ಸಿನಿಮಾ ಬಂತು. ಅದರ ಕೊನೆಯ ಭಾಗದ ಹಿಂಸೆಯನ್ನು ನಾನು ಒಪ್ಪುವುದಿಲ್ಲ. ಆದರೆ ನನ್ನ ಪ್ರಶ್ನೆಯನ್ನು ಯಾರೋ ಅಷ್ಟು ದೊಡ್ಡದಾಗಿ ಕೇಳಿದ್ದು ಕಂಡು ತುಮಕೂರಿನ ಥಿಯೇಟರಿನ ಕತ್ತಲಲ್ಲಿ ನಾನು ಅತ್ತಿದ್ದೇನೆ. ರಕ್ಷಣಾ ಸಚಿವ ತಪ್ಪು ಮಾಡಿದ ಅನ್ನುವ ಸಿನಿಮಾಗೆ ಚೀನಾದಲ್ಲಿ ಆ ಡ್ರ್ಯಾಗನ್ ಮುದ್ರೆ ಬೀಳುತ್ತದೆಯೇ? ನಮಗೂ ಅವರಿಗೂ ಇದ್ದ ವ್ಯತ್ಯಾಸ ಅದು.

ಇದ್ದ ಎಂದು ಬರೆಯುವಾಗ ಕೈ ತಡೆಯುತ್ತದೆ. 2020ರಲ್ಲಿ ರಕ್ಷಣಾ ಇಲಾಖೆ ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೇನೆಯ ಕತೆಯ ಸಿನಿಮಾಗಳಿಗೆ ತನ್ನ ನಿರಾಕ್ಷೇಪಣಾ ಪತ್ರ ಬೇಕು ಎಂದಿತು. ಅದೇ ವರ್ಷ, ವಾಯುಪಡೆಯ ಮಹಿಳಾ ಹೆಲಿಕಾಪ್ಟರ್ ಪೈಲಟ್ ಒಬ್ಬರ ಕತೆಯ 'ಗುಂಜನ್ ಸಕ್ಸೇನಾ' ಸಿನಿಮಾ ತನ್ನನ್ನು ಕೆಟ್ಟದಾಗಿ ತೋರಿಸಿದೆ ಎಂದು ವಾಯುಪಡೆ ಮಂಡಳಿಗೆ ಬರೆಯಿತು. ನಾನು ವಾಯುಪಡೆಯ ಅನ್ನ ತಿಂದವನು, ಅದರ ಗೌರವ ನನಗೂ ಮುಖ್ಯ. ಗುಟ್ಟು ಹೊರಗೆ ಬೀಳಬಾರದು ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಗುಟ್ಟು ಕಾಯುವುದೇ ಬೇರೆ, ಮುಜುಗರ ಮುಚ್ಚುವುದೇ ಬೇರೆ.

ನಮ್ಮಲ್ಲಿ ಕತೆಗಳಿಗೆ ಬರವಿಲ್ಲ. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ ಮೊದಲ ಸಲ ಹಾರಿತು. ಹಾರಿಸಿದವರು ಪರೀಕ್ಷಾ ಪೈಲಟ್ ಸುರಂಜನ್ ದಾಸ್. ವಿಮಾನದ ಮೈಕಟ್ಟು ಸೊಗಸಾಗಿತ್ತು, ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಒಂದು ಮಾರುತ್‌ನ ಪರೀಕ್ಷೆಯಲ್ಲಿ, 1970ರ ಜನವರಿ 10ರಂದು, ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ಅಲ್ಲಿ ಟ್ರಾಫಿಕ್ಕಿನಲ್ಲಿ ನಿಲ್ಲುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಅವರು ಯಾರು ಅಂತ ಗೊತ್ತು? ಈ ಕತೆ ಕನ್ನಡದಲ್ಲಿ ಬರಬೇಕು. ಬರೀ ಸೆಲ್ಯೂಟ್ ಹೊಡೆದು ಮುಗಿಸದೆ, ಆ ಎಂಜಿನ್ ಯಾಕೆ ಸಿಗಲಿಲ್ಲ, ಬೇಡ ಎಂದವರು ಯಾರು ಅಂತಲೂ ಕೇಳಬೇಕು.

ನಿಮ್ಮ ಸಿನಿಮಾ ಪುಟದವರಿಗೆ ಒಂದು ವಿನಂತಿ. ಸೇನೆಯ ಸಿನಿಮಾ ಯಾವ ದೇಶದ್ದೇ ಬರಲಿ, ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಸುಮ್ನೆ ಬಿಡಬೇಡಿ. ವಿಮಾನ ಕೊಟ್ಟವರು ಯಾರು, ಕತೆ ಓದಿ ಒಪ್ಪಿದವರು ಯಾರು, ಏನು ಬಿಟ್ಟುಹೋಗಿದೆ ಎಂದೂ ಎರಡು ಸಾಲು ಬರೆಯಿರಿ. ನಮ್ಮ ಕನ್ನಡದ ನಿರ್ದೇಶಕರು ಯಾರಾದರೂ ವಿಮಾನದ ಸಿನಿಮಾಗೆ ಕೈ ಹಾಕಿದರೆ ನನ್ನ ವಿಳಾಸ ಕೊಡಿ. ಹಳೆಯ ನೋಟ್ ಪುಸ್ತಕಗಳು ಟ್ರಂಕಿನಲ್ಲಿ ಹಾಗೇ ಇವೆ. ಗುಟ್ಟಿನದು ಏನೂ ಇಲ್ಲ ಅದರಲ್ಲಿ. ಬೆಳಗಿನ ಜಾವ ಎಷ್ಟು ಗಂಟೆಗೆ ಕವರ್ ತೆಗೆಯುತ್ತಾರೆ, ಚಳಿಯಲ್ಲಿ ಸ್ಪ್ಯಾನರ್ ಕೈಗೆ ಹೇಗೆ ಅಂಟುತ್ತದೆ, ಹೊರಟ ವಿಮಾನ ಬರುವವರೆಗೂ ಕೆಳಗಿದ್ದವರು ಏನು ಮಾತಾಡಿಕೊಳ್ಳುತ್ತಾರೆ, ಇದನ್ನೆಲ್ಲ ಕೂತು ಹೇಳುತ್ತೇನೆ. ಗುಬ್ಬಿಗೆ ಬಸ್ಸೂ ಇದೆ, ರೈಲೂ ಇದೆ.

ಇಂತಿ,
ನಿವೃತ್ತ ಸಾರ್ಜೆಂಟ್ (ಎಂಜಿನ್ ಫಿಟ್ಟರ್), ಭಾರತೀಯ ವಾಯುಪಡೆ
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ