ಮುಂದುಗಡೆ ಅರಮನೆ, ಹಿಂದುಗಡೆ ಕೇಳೋರಿಲ್ಲ

ಸಂಪಾದಕರಿಗೆ,

ಶೂಟಿಂಗ್‌ಗೋಸ್ಕರ ಇಂಗ್ಲೆಂಡಿನ ಬಾತ್ ಊರಲ್ಲಿ ರಾಯಲ್ ಕ್ರೆಸೆಂಟ್ (ಅರ್ಧಚಂದ್ರದ ಹಾಗೆ ಬಾಗಿರೋ ಹಳೇ ಮನೆಗಳ ಸಾಲು) ರೋಡು ಬಂದ್ ಆಗಿದ್ದ ಸುದ್ದಿ ನಿಮ್ಮ ಪೇಪರಲ್ಲಿ ನೋಡಿದೆ. ಫೋಟೋ ಚೆನ್ನಾಗಿದೆ, ಆದ್ರೆ ಅವತ್ತು ಅಲ್ಲಿ ಒದ್ದಾಡಿದವರ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಬರೀತಿದೀನಿ.

ಮೈಸೂರಿಂದ ಅಮ್ಮ ಬಂದಿದಾರೆ, ಮಂಡಿನೋವು. ಮೂರು ವರ್ಷದಿಂದ ಫೋನಲ್ಲಿ ವರ್ಣಿಸ್ತಿದ್ದ ಜಾಗ ತೋರಿಸೋಣ ಅಂತ ಕರ್ಕೊಂಡು ಹೋದ್ರೆ ಅಲ್ಲಿಗೆ ಹೋಗೋ ಬ್ರಾಕ್ ಸ್ಟ್ರೀಟ್ ತುದೀಲೇ ಬ್ಯಾರಿಕೇಡ್. ಎಷ್ಟು ಹೊತ್ತು ಅಂದ್ರೆ ಗೊತ್ತಿಲ್ಲ ಅಂದ್ರು, ಕೂರೋಕೆ ಜಾಗ ಇಲ್ಲ, ಮಳೆ ಬೇರೆ, ಮುಕ್ಕಾಲು ಗಂಟೆ ನಿಂತು ಕೊನೆಗೆ ಹಿಂದಿನ ಕ್ರೆಸೆಂಟ್ ಲೇನ್ ಕಡೆಯಿಂದ ಸುತ್ತಿಕೊಂಡು ಹೋದ್ವಿ, ಆ ತುದೀಲೂ ಬ್ಯಾರಿಕೇಡ್! ಮನೆಗಳ ಹಿಂಭಾಗ ನೋಡಿ ಅಮ್ಮ "ಇದೇನೋ, ನಮ್ಮ ಅಗ್ರಹಾರದ ವಠಾರದ ಹಿತ್ತಲಿದ್ದ ಹಾಗಿದೆಯಲ್ಲೋ" ಅಂದ್ರು.

ಅಮ್ಮ ಹೇಳಿದ್ದು ನಿಜ. 1767ರಿಂದ 1774ರೊಳಗೆ ಕಟ್ಟಿದ ಈ ಸಾಲಿಗೆ ಜಾನ್ ವುಡ್ (ಮಗ, ಅಪ್ಪನ ಹೆಸರೂ ಅದೇ) ಡಿಸೈನ್ ಮಾಡಿದ್ದು ಮುಂದಿನ ಗೋಡೆ ಮಾತ್ರ. 30 ಮನೆ, 114 ಅಯಾನಿಕ್ ಕಂಬ (ತಲೆಯಲ್ಲಿ ಸುರುಳಿ ಇರೋ ಗ್ರೀಕ್ ಶೈಲಿಯವು), ಎಲ್ಲಾ ಜೇನುಬಣ್ಣದ ಬಾತ್ ಕಲ್ಲು, ದೂರದಿಂದ ಒಂದೇ ಅರಮನೆ. ಆ ಗೋಡೆಯಲ್ಲಿ ಇಷ್ಟಿಷ್ಟು ಉದ್ದ ಕೊಂಡವರು ಹಿಂದೆ ತಮಗೆ ಬೇಕಾದ ಹಾಗೆ ಮನೆ ಕಟ್ಟಿಸಿಕೊಂಡ್ರು, ಅದಕ್ಕೇ ಹಿಂದುಗಡೆ ಒಂದು ಸೂರು ಮೇಲೆ ಒಂದು ಕೆಳಗೆ, ಕಿಟಕಿ ಒಂದೊಂದು ಥರ. ನನಗಂತೂ ಹಿಂಭಾಗಾನೇ ಇಷ್ಟ, ಒಳಗೆ ಬದುಕಿದ ಜನ ಕಾಣೋದು ಅಲ್ಲೇ. ಎದುರಿನ ಹುಲ್ಲಲ್ಲೂ ನೋಟಕ್ಕೇ ಮೊದಲ ಜಾಗ, ದನ ಮನೆ ಕಡೆ ಬರಬಾರದು, ಬೇಲಿನೂ ಕಣ್ಣಿಗೆ ಬೀಳಬಾರದು ಅಂತ ತಗ್ಗು ತೋಡಿ ಗೋಡೇನ ಅದರೊಳಗೆ ಇಳಿಸಿದಾರೆ. ಅಷ್ಟೆಲ್ಲಾ ಯೋಚನೆ ಮಾಡಿ ಕಟ್ಟಿದ ಜಾಗದಲ್ಲಿ ಇವತ್ತು ವಯಸ್ಸಾದವರಿಗೆ ದಾರಿ ಬಿಡೋ ಯೋಚನೆ ಯಾರಿಗೂ ಇಲ್ಲ.

ಇನ್ನು ಕೌನ್ಸಿಲ್ (ಇಲ್ಲಿನ ನಗರಸಭೆ) ಆಫೀಸರುಗಳ ವಿಷ್ಯ. ನಾನು ಬಾಡಿಗೆಗಿರೋ ಮನೇನೂ ಅದೇ ಕಾಲದ ಲಿಸ್ಟೆಡ್ ಕಟ್ಟಡ, ಅಂದ್ರೆ ರಕ್ಷಣೆಯ ಪಟ್ಟಿಯಲ್ಲಿರೋದು, ಒಪ್ಪಿಗೆ ಇಲ್ಲದೆ ಬದಲಾಯಿಸೋ ಹಾಗಿಲ್ಲ. ಮೇಲಕ್ಕೆ ತಳ್ಳೋ ಹಳೇ ಸ್ಯಾಶ್ ಕಿಟಕಿ, ಒಂದೇ ಪದರ ಗಾಜು, ಚಳಿಗಾಲದಲ್ಲಿ ಒಳಗಡೆಯಿಂದಾನೇ ನೀರಿಳಿಯುತ್ತೆ, ಮಗೂಗೆ ಕೆಮ್ಮು ಬಿಡ್ತಿಲ್ಲ. ಗಾಜು ಬದಲಾಯಿಸೋಕೆ ಓನರ್ ಅರ್ಜಿ ಹಾಕಿ ವರ್ಷ ಆಯ್ತು, ಮೂರು ಸಲ ಫಾರ್ಮು, ಮೂರು ಸಲ ಬೇರೆ ಆಫೀಸರು, ಕಟ್ಟಡದ ರೂಪ ಕೆಡುತ್ತೆ ಅಂತ ಒಂದೇ ಉತ್ತರ. ಹಾಗಾದ್ರೆ ಆ ಕಲ್ಲುಹಾಸಿನ ರೋಡಲ್ಲಿ ಸಾಲಾಗಿ ಟ್ರಕ್ ನಿಲ್ಲಿಸಿದ್ರೆ ಕೆಡಲ್ವಾ? ಈ ಬುದ್ಧಿ ಹಳೇದು ಬಿಡಿ. 1970ರ ದಶಕದಲ್ಲಿ ಕ್ರೆಸೆಂಟ್‌ನ 22ನೇ ನಂಬರಿನ ಮನೆಯಾಕೆ ಬಾಗಿಲಿಗೆ ಹಳದಿ ಬಣ್ಣ ಹೊಡೆಸಿದ್ದಕ್ಕೆ ಬಿಳಿ ಮಾಡಿ ಅಂತ ನೋಟಿಸ್ ಕೊಟ್ಟಿದ್ರು, ಆಕೆ ಜಗ್ಗದೆ ಹೋರಾಡಿ ಗೆದ್ರು, ಬಾಗಿಲು ಹಳದಿಯಾಗೇ ಉಳೀತು.

ಶೂಟಿಂಗ್ ಪೂರ್ತಿ ನಿಲ್ಲಿಸಿ, ಇಲ್ಲಾ ನಡ್ಕೊಂಡು ಹೋಗೋರಿಗಾದ್ರೂ ದಾರಿ ಬಿಡಿ, ಕಿಟಕಿದೂ ಏನಾದ್ರೂ ಒಂದು ಮಾಡಿ. ನೀವೂ ಮುಂದಿನ ಸಲ ಹಿಂಭಾಗದ ಫೋಟೋನೂ ಹಾಕಿ. ಅಮ್ಮ ಈ ವಾರ ವಾಪಸ್ ಹೋಗ್ತಿದಾರೆ, ಆ 114 ಕಂಬ ಅವರು ನೋಡಲೇ ಇಲ್ಲ.

ಬಾತ್‌ನಲ್ಲಿರೋ ಒಬ್ಬ ಮೈಸೂರಿನವ