ಮಾಲೆಯ ಹೈಕಮಿಷನ್‌ಗೆ ತಡವಾದ ಥ್ಯಾಂಕ್ಸ್

ಭಾರತ ಮತ್ತು ಮಾಲ್ಡೀವ್ಸ್ ನಡುವಿನ ರಾಜತಾಂತ್ರಿಕ ಸಂಬಂಧಕ್ಕೆ 2025ರಲ್ಲಿ 60 ವರ್ಷ ತುಂಬಿತು. ಜುಲೈ 26ರ ಅವರ ಸ್ವಾತಂತ್ರ್ಯ ದಿನಕ್ಕೆ ನಮ್ಮ ಪ್ರಧಾನಿಯೇ ಮುಖ್ಯ ಅತಿಥಿ. ಆ ಸುದ್ದಿ ನೋಡಿದಾಗಿನಿಂದ, ನಾನು ಹೇಳದೇ ಬಾಕಿ ಉಳಿಸಿಕೊಂಡ ಥ್ಯಾಂಕ್ಸ್ ತಲೆಯಲ್ಲೇ ಸುತ್ತುತ್ತಿತ್ತು.

2020ರಲ್ಲಿ ನಾನು ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಕೆಲಸಕ್ಕಿದ್ದೆ. ಕೊರೊನಾ ಬಂತು, ಪ್ರವಾಸಿಗರು ನಿಂತರು, ವಿಮಾನಗಳೂ ನಿಂತವು. ನಾನಿದ್ದ ಕಂಪನಿ ಸಂಬಳ ನಿಲ್ಲಿಸಿ "ಮನೆಯಲ್ಲೇ ಇರಿ" ಅಂತು. ಯಾವ ಮನೆ ಅಂತ ಹೇಳಲಿಲ್ಲ. ಏಪ್ರಿಲ್ ಮಧ್ಯದಲ್ಲಿ ಊರಿಗೇ ಬೀಗ ಬಿತ್ತು. ಎರಡು ಚದರ ಕಿಲೋಮೀಟರ್ ಆಸುಪಾಸಿನ ದ್ವೀಪ, ಲಕ್ಷಕ್ಕೂ ಜಾಸ್ತಿ ಜನ. ಹೋಗೋದಾದರೂ ಎಲ್ಲಿಗೆ?

ಮೊದಲ ಥ್ಯಾಂಕ್ಸ್ ಭಾರತದ ಹೈಕಮಿಷನ್, ಅಂದರೆ ಅಲ್ಲಿನ ನಮ್ಮ ರಾಯಭಾರ ಕಚೇರಿಯ ಸಿಬ್ಬಂದಿಗೆ. ರಾಯಭಾರ ಅಂದರೆ ಒಪ್ಪಂದಕ್ಕೆ ಸಹಿ, ಕೈಕುಲುಕೋ ಫೋಟೋ ಅಂದುಕೊಂಡಿದ್ದ ನನಗೆ, ಊರಿಗೆ ಮರಳಲು ಹೆಸರು ಬರೆಸಿದ ಮೇಲೆ ಒಂದು ರಾತ್ರಿ ಫೋನ್ ಬಂತು. ಆ ಕಡೆಯವರು ಹಿಂದಿಯಲ್ಲಿ ಶುರು ಮಾಡಿ, ನನ್ನ ಹಿಂದಿ ಕೇಳಿ, ಪಾಪ, ಇಂಗ್ಲಿಷಿಗೆ ಬಂದರು. ಮಾತ್ರೆ ತಗೋತೀರಾ, ಹಾಗಾದರೆ ಅದನ್ನು ಬ್ಯಾಗಿಗೆ ಹಾಕಬೇಡಿ, ಕೈಯಲ್ಲೇ ಇರಲಿ ಅಂದರು. ಇಂಥ ಎಷ್ಟು ಫೋನ್ ಮಾಡಿದ್ದರೋ! ಅವರ ಗಂಟಲು ಕಟ್ಟಿಹೋಗಿತ್ತು.

ನೌಕಾಪಡೆಯ ಐಎನ್‌ಎಸ್ ಜಲಾಶ್ವ ಮೇ 8ರಂದು ಮಾಲೆ ಬಿಟ್ಟು 10ಕ್ಕೆ ಕೊಚ್ಚಿ ತಲುಪಿತು. 698 ಜನ, ಅವರಲ್ಲಿ 19 ಗರ್ಭಿಣಿಯರು. ಮಲಯಾಳಿಗಳು, ತಮಿಳರೇ ಹೆಚ್ಚು. ಕನ್ನಡದವರು ಬೆರಳೆಣಿಕೆಯಷ್ಟು. ಸೈನಿಕರನ್ನು, ಟ್ಯಾಂಕುಗಳನ್ನು ಸಾಗಿಸೋ ಹಡಗಿನಲ್ಲಿ ನಮಗೆ ಬಿಸಿ ಊಟ ಹಾಕಿದ ನಾವಿಕರಿಗೆ ನಮಸ್ಕಾರ.

ಇನ್ನೊಂದು ದೊಡ್ಡ ಋಣ ಮಾಲೆಯ ನಮ್ಮ ಮನೆಯೊಡತಿಯದು. ಬಾಡಿಗೆ ಕೇಳಲಿಲ್ಲ. ಬೆಳಿಗ್ಗೆ ಬಾಗಿಲ ಮುಂದೆ ರೋಶಿ (ಅಲ್ಲಿನ ಚಪಾತಿ), ಜೊತೆಗೆ ಕೊಬ್ಬರಿ ತುರಿ. ಮೀನು, ಕೊಬ್ಬರಿ ಕಲಸಿದ ಮಸ್‌ಹುನಿ ಅವರ ತಿಂಡಿ; ನಾನು ಮೀನು ತಿನ್ನಲ್ಲ ಅಂತ ಅದರಿಂದ ಮೀನು ಬಿಟ್ಟು ಕಲಸಿರುತ್ತಿದ್ದರು! ಅವರಮ್ಮನಿಗೆ ಆಪರೇಷನ್ ಆಗಿದ್ದು ತಿರುವನಂತಪುರದಲ್ಲಿ. ಅಲ್ಲಿ ಮಾಲ್ಡೀವ್ಸ್‌ನ ಕಾನ್ಸುಲೇಟ್, ಅಂದರೆ ರಾಯಭಾರದ ಚಿಕ್ಕ ಕಚೇರಿ, ಇದೆ. ಚಿಕಿತ್ಸೆಗೆ ಅಷ್ಟು ಜನ ಬರುತ್ತಾರೆ. ಐದು ಲಕ್ಷ ಜನರ ದೇಶ ಎಲ್ಲ ಕಡೆ ಕಚೇರಿ ತೆರೆಯೋಕಾಗುತ್ತಾ? ಜನ ಎಲ್ಲಿ ಕಷ್ಟಕ್ಕೆ ಹೋಗುತ್ತಾರೋ ಅಲ್ಲಿ ತೆರೆದಿದ್ದಾರೆ, ಜಾಣರು. 2014ರ ಡಿಸೆಂಬರ್‌ನಲ್ಲಿ ಉಪ್ಪುನೀರು ಸಿಹಿ ಮಾಡೋ ಘಟಕಕ್ಕೆ ಬೆಂಕಿ ಬಿದ್ದು ಮಾಲೆಯ ನಲ್ಲಿಗಳೆಲ್ಲ ಒಣಗಿದಾಗ ಭಾರತದ ವಿಮಾನದಲ್ಲಿ ನೀರು ಬಂದಿದ್ದನ್ನೂ, ಬಾಟಲಿಗಾಗಿ ಸಾಲಲ್ಲಿ ನಿಂತಿದ್ದನ್ನೂ ಅವರೇ ಹೇಳಿದ್ದು.

ಆಮೇಲೆ ಅಲ್ಲಿ "ಇಂಡಿಯಾ ಔಟ್" ಕೂಗು ಜೋರಾಯಿತು. 2024ರ ಜನವರಿಯಲ್ಲಿ ಇಲ್ಲಿ "ಮಾಲ್ಡೀವ್ಸ್‌ಗೆ ಹೋಗಬೇಡಿ" ಅಂತ ಶುರುವಾಯಿತು. ನನಗೂ ಫಾರ್ವರ್ಡ್‌ಗಳು ಬಂದವು. ಒಂದನ್ನೂ ಮುಂದೆ ಕಳಿಸಲಿಲ್ಲ. ಆ ವಾರವೂ ಮನೆಯೊಡತಿ ಮೆಸೇಜ್ ಮಾಡಿದ್ದರು, ಮಗಳ ಮದುವೆ ಫೋಟೋ ಜೊತೆ.

ಆಗ ಹೈಕಮಿಷನ್‌ನಲ್ಲಿದ್ದವರಲ್ಲಿ ಹಲವರು ಈಗ ಬೇರೆ ದೇಶಗಳಿಗೆ ವರ್ಗವಾಗಿರಬೇಕು. ನಿಮಗೆ ಯಾರಾದರೂ ಪರಿಚಯ ಇದ್ದರೆ ಇದನ್ನು ತಲುಪಿಸಿ. ಕನ್ನಡ ಬರದಿದ್ದರೆ ದಯವಿಟ್ಟು ಓದಿ ಹೇಳಿ.